ಟರ್ಮಿನಲ್‌ನಲ್ಲಿ ಫೈಲ್ ಹೆಸರಿಗೆ ಬಣ್ಣ ಹಚ್ಚುವುದು: ಎಲ್ಎಸ್‌ಕಲರ್ಸ್ ಕ್ರೇಟ್ ಬಳಸುವ ಬಗೆ

ಫೈಲ್‌ಗಳ ಪಟ್ಟಿ ತೋರಿಸುವ ಸಣ್ಣ ಕಮಾಂಡ್‌ಲೈನ್ ಟೂಲ್ ಒಂದನ್ನು ಬರೆಯುತ್ತಿದ್ದೀರಿ ಅಂದುಕೊಳ್ಳಿ. ಡೂಪ್ಲಿಕೇಟ್ ಫೋಟೋ ಹುಡುಕುವುದೋ, ಡಿಸ್ಕ್ ತುಂಬಿಸಿರುವ ಫೈಲ್ ಯಾವುದು ಅಂತ ಹೇಳುವುದೋ, ಏನೋ ಒಂದು. ಕೆಲಸವೆಲ್ಲ ಸರಿಯಾಗಿದೆ, ಆದರೆ ಔಟ್‌ಪುಟ್ ಬೋಳುಬೋಳಾಗಿ ಕಾಣುತ್ತಿದೆ. ಬಣ್ಣ ಹಾಕೋಣ ಅನ್ನಿಸುತ್ತದೆ. ಆಗ ಬಹಳ ಜನ ಮಾಡುವುದೇನೆಂದರೆ, ಫೋಲ್ಡರ್‌ಗೆ ನೀಲಿ, ಸ್ಕ್ರಿಪ್ಟ್‌ಗೆ ಹಸಿರು, ಚಿತ್ರಕ್ಕೆ ಗುಲಾಬಿ ಅಂತ ತಮಗೆ ತೋಚಿದ್ದನ್ನು ಕೋಡ್ ಒಳಗೇ ಬರೆದುಬಿಡುವುದು. ದಯವಿಟ್ಟು ಹಾಗೆ ಮಾಡಬೇಡಿ. ಯಾವ ಥರದ ಫೈಲ್‌ಗೆ ಯಾವ ಬಣ್ಣ ಅನ್ನುವುದು ಬಳಕೆದಾರರ ಕಂಪ್ಯೂಟರಿನಲ್ಲಿ ಆಗಲೇ ತೀರ್ಮಾನ ಆಗಿರುತ್ತದೆ. ಫೈಲ್ ಪಟ್ಟಿ ತೋರಿಸುವ ಅವರ ಎಲ್ಎಸ್ ಕಮಾಂಡ್ ದಿನವಿಡೀ ಅದೇ ಬಣ್ಣಗಳನ್ನು ತೋರಿಸುತ್ತಿರುತ್ತದೆ. ನಿಮ್ಮ ಟೂಲ್ ಮಾಡಬೇಕಾದದ್ದು ಇಷ್ಟೇ: ಆ ತೀರ್ಮಾನವನ್ನು ಓದಿ, ಹಾಗೇ ಪಾಲಿಸುವುದು.

ರಸ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುತ್ತಿದ್ದರೆ ಇದಕ್ಕೆ ಎಲ್ಎಸ್‌ಕಲರ್ಸ್ ಅನ್ನುವ ಲೈಬ್ರರಿ ಇದೆ, ರಸ್ಟ್‌ನಲ್ಲಿ ಲೈಬ್ರರಿಗೆ ಕ್ರೇಟ್ ಅನ್ನುತ್ತಾರೆ. ಎಫ್‌ಡಿ, ಬ್ಯಾಟ್, ಹೈಪರ್‌ಫೈನ್ ಅನ್ನುವ ಕಮಾಂಡ್‌ಲೈನ್ ಟೂಲ್‌ಗಳನ್ನು ಬರೆದ ಡೇವಿಡ್ ಪೀಟರ್ ಅವರದ್ದೇ. ಎಫ್‌ಡಿ, ಎಲ್ಎಸ್‌ಡಿ, ನೂಶೆಲ್ ಇವೆಲ್ಲ ಫೈಲ್ ಹೆಸರಿಗೆ ಬಣ್ಣ ಕೊಡುವುದು ಇದರ ಮೂಲಕವೇ.

ಶುರು ಮಾಡುವ ಮೊದಲು ಒಂದು ಮಾತು. ಇಲ್ಲಿ ಕಮಾಂಡುಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ, ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ. ಮತ್ತೆ ಹೆಸರುಗಳಲ್ಲಿ ಗೊಂದಲ ಆಗಬಾರದು: ಎಲ್ಎಸ್_ಕಲರ್ಸ್ ಅಂತ ನಡುವೆ ಅಂಡರ್‌ಸ್ಕೋರ್ ಇದ್ದರೆ ಅದು ಎನ್ವಿರಾನ್ಮೆಂಟ್ ವೇರಿಯಬಲ್, ಅಂದರೆ ಟರ್ಮಿನಲ್‌ನ ಪ್ರೋಗ್ರಾಂಗಳೆಲ್ಲ ಓದಬಹುದಾದ ಒಂದು ಸೆಟ್ಟಿಂಗ್, ಪೂರ್ತಿ ದೊಡ್ಡಕ್ಷರ. ಅಂಡರ್‌ಸ್ಕೋರ್ ಇಲ್ಲದೆ ಚಿಕ್ಕಕ್ಷರದಲ್ಲಿ ಇದ್ದರೆ ಅದು ರಸ್ಟ್ ಕ್ರೇಟ್. ಅಂಡರ್‌ಸ್ಕೋರ್ ಇಲ್ಲದೆ ದೊಡ್ಡಕ್ಷರದಲ್ಲಿ ಇದ್ದರೆ ಅದು ಮ್ಯಾಕ್‌ನ ಬೇರೆಯೇ ಕಥೆ, ಮುಂದೆ ಬರುತ್ತದೆ.

ವೇರಿಯಬಲ್ ಒಳಗೆ ಏನಿದೆ

ಲಿನಕ್ಸ್ ಟರ್ಮಿನಲ್ ತೆರೆದು ಎಕೋ ಬರೆದು, ಸ್ಪೇಸ್ ಕೊಟ್ಟು, ಡಾಲರ್ ಚಿಹ್ನೆ ಹಾಕಿ, ಅದಕ್ಕೆ ಅಂಟಿಸಿ ಎಲ್ಎಸ್_ಕಲರ್ಸ್ ಅಂತ ಬರೆಯಿರಿ. ಪರದೆ ತುಂಬ ಒಂದು ಉದ್ದನೆಯ ಸಾಲು ಸುರಿಯುತ್ತದೆ. ನೋಡಿದ ತಕ್ಷಣ ಕಣ್ಣು ತಿರುಗುತ್ತದೆ, ಆದರೆ ಇದರಷ್ಟು ಸರಳವಾದದ್ದು ಇನ್ನೊಂದಿಲ್ಲ. ಒಂದು ತುಂಡು ಹೀಗಿರುತ್ತದೆ:

ಡಿಐ=01;34:ಎಲ್ಎನ್=01;36:ಇಎಕ್ಸ್=01;32:*.ಟಾರ್=01;31:*.ಜೆಪಿಜಿ=01;35

ಕೋಲನ್ ಬಂದಲ್ಲಿ ಒಂದು ನಿಯಮ ಮುಗಿಯುತ್ತದೆ. ಸಮ ಚಿಹ್ನೆಯ ಎಡಕ್ಕೆ ಯಾವ ಥರದ ಫೈಲ್ ಅನ್ನುವುದು, ಬಲಕ್ಕೆ ಬಣ್ಣದ ಕೋಡ್. ಡಿಐ ಅಂದರೆ ಡೈರೆಕ್ಟರಿ, ಎಲ್ಎನ್ ಅಂದರೆ ಸಿಮ್‌ಲಿಂಕ್ (ಬೇರೆ ಫೈಲ್‌ನತ್ತ ಬೊಟ್ಟು ಮಾಡುವ ಫೈಲ್), ಇಎಕ್ಸ್ ಅಂದರೆ ಓಡಿಸಬಹುದಾದ ಫೈಲ್, ಓಆರ್ ಅಂದರೆ ತುದಿಯಲ್ಲಿ ಏನೂ ಇಲ್ಲದ ಮುರಿದ ಲಿಂಕ್. ಪಿಐ ಪೈಪ್‌ಗೆ, ಎಸ್ಓ ಸಾಕೆಟ್‌ಗೆ, ಬಿಡಿ ಮತ್ತು ಸಿಡಿ ಡಿವೈಸ್‌ಗಳಿಗೆ. ನಕ್ಷತ್ರದಿಂದ ಶುರುವಾಗುವುದೆಲ್ಲ ಎಕ್ಸ್‌ಟೆನ್ಷನ್ ನಿಯಮ.

ಬಲಗಡೆಯ ಅಂಕಿಗಳು ಎಲ್ಎಸ್‌ನವರು ಕಂಡುಹಿಡಿದದ್ದಲ್ಲ, ಟರ್ಮಿನಲ್‌ಗಳು ಮೊದಲಿಂದ ಅರ್ಥ ಮಾಡಿಕೊಳ್ಳುವ ಆನ್ಸಿ ಕೋಡುಗಳು. 30 ಕಪ್ಪು, 31 ಕೆಂಪು, 32 ಹಸಿರು, 33 ಹಳದಿ, 34 ನೀಲಿ, 35 ಮೆಜೆಂಟಾ, 36 ಸಯಾನ್, 37 ಬಿಳಿ. ಇದಕ್ಕೆ ಹತ್ತು ಸೇರಿಸಿದರೆ, ಅಂದರೆ 40ರಿಂದ 47, ಅವೇ ಬಣ್ಣಗಳು ಹಿನ್ನೆಲೆಗೆ. 90ರಿಂದ 97 ಕಡುಹೊಳಪಿನವು. 01 ಬೋಲ್ಡ್, 03 ಇಟಾಲಿಕ್, 04 ಅಡಿಗೆರೆ, 07 ಅಕ್ಷರದ ಬಣ್ಣ ಹಿನ್ನೆಲೆಗೆ ಹಿನ್ನೆಲೆಯದ್ದು ಅಕ್ಷರಕ್ಕೆ. 05 ಮಿಣಮಿಣ ಮಿಂಚುವುದು, ಅದನ್ನು ಮುಟ್ಟಲೇಬೇಡಿ.

ಈಗ ಫೋಟೋ ಅನ್ನುವ ಹೆಸರಿನ ಒಂದು ಡೈರೆಕ್ಟರಿ ಇದೆ ಅನ್ನಿ. ಎಲ್ಎಸ್ ಅದನ್ನು ಟರ್ಮಿನಲ್‌ಗೆ ಕಳಿಸುವಾಗ ಮೊದಲು ಎಸ್ಕೇಪ್ ಅನ್ನುವ ಒಂದು ಬೈಟ್ ಕಳಿಸುತ್ತದೆ, ಅದರ ಬೆಲೆ 27. ಆಮೇಲೆ ತೆರೆದ ಚೌಕ ಆವರಣ, ಆಮೇಲೆ 01;34, ಆಮೇಲೆ ಚಿಕ್ಕ ಎಮ್ ಅಕ್ಷರ. ಅದರ ಬೆನ್ನಿಗೆ ಹೆಸರು. ಹೆಸರು ಮುಗಿದ ಮೇಲೆ ಮತ್ತೆ ಎಸ್ಕೇಪ್, ಚೌಕ ಆವರಣ, 0, ಎಮ್. ಈ ಸೊನ್ನೆ ಬಣ್ಣವನ್ನು ತೆಗೆದುಹಾಕುತ್ತದೆ, ಇಲ್ಲದಿದ್ದರೆ ಮುಂದಿನ ಪ್ರಾಂಪ್ಟ್ ಕೂಡ ನೀಲಿಯಾಗಿ ಹರಿದುಕೊಂಡು ಹೋಗುತ್ತದೆ. ಇಷ್ಟೇ ಇರುವುದು. ಪ್ರಿಂಟ್‌ಎಫ್ ಕಮಾಂಡಿನಲ್ಲಿ ಎಸ್ಕೇಪ್ ಬದಲು ಬ್ಯಾಕ್‌ಸ್ಲ್ಯಾಶ್ 033 ಅಂತ ಬರೆದು ನೀವೇ ಒಮ್ಮೆ ಮಾಡಿ ನೋಡಿ, ಆಮೇಲೆ ಈ ವಿಷಯ ಯಾವತ್ತೂ ಮಾಯೆ ಅನ್ನಿಸುವುದಿಲ್ಲ.

ಇನ್ನೂ ಜಾಸ್ತಿ ಬಣ್ಣ ಬೇಕೆಂದರೆ 38;5; ಅಂತ ಬರೆದು ಮುಂದೆ 0ರಿಂದ 255ರವರೆಗಿನ ಒಂದು ಅಂಕಿ ಹಾಕಬಹುದು. 38;2; ಅಂತ ಬರೆದು ಕೆಂಪು, ಹಸಿರು, ನೀಲಿಯ ಮೂರು ಅಂಕಿ ಕೊಟ್ಟರೆ ಲಕ್ಷಾಂತರ ಬಣ್ಣ. ಆದರೂ ನನ್ನ ಮತ ಹಳೆಯ ಹದಿನಾರು ಬಣ್ಣಗಳಿಗೇ. ಯಾಕೆಂದರೆ 34 ಅಂದರೆ ಇಂಥದ್ದೇ ನೀಲಿ ಅಂತಿಲ್ಲ, ನಿಮ್ಮ ಟರ್ಮಿನಲ್‌ನ ಥೀಮ್ ಯಾವುದನ್ನು ನೀಲಿ ಅನ್ನುತ್ತದೋ ಅದು. ಥೀಮ್ ಬದಲಿಸಿದರೆ ಪಟ್ಟಿಯ ಬಣ್ಣಗಳೂ ಜೊತೆಗೇ ಬದಲಾಗುತ್ತವೆ. 38;2 ಹಾಕಿ ಗಟ್ಟಿ ಮಾಡಿದ ಬಣ್ಣ ಹಾಗಲ್ಲ, ಕಪ್ಪು ಹಿನ್ನೆಲೆಯಲ್ಲಿ ಚೆನ್ನಾಗಿ ಕಂಡದ್ದು ಬಿಳಿ ಹಿನ್ನೆಲೆಗೆ ಹೋದರೆ ಓದಲಿಕ್ಕೇ ಬರುವುದಿಲ್ಲ. ಕಪ್ಪು ಪರದೆಯಲ್ಲಿ ಡೈರೆಕ್ಟರಿಯ ನೀಲಿ ಕಾಣುವುದೇ ಇಲ್ಲ ಅಂತ ಬೇಜಾರಿದ್ದರೆ ಮೊದಲು ಟರ್ಮಿನಲ್ ಸೆಟ್ಟಿಂಗ್ಸ್‌ಗೆ ಹೋಗಿ ಆ ನೀಲಿಯನ್ನೇ ಸ್ವಲ್ಪ ತಿಳಿ ಮಾಡಿ. ಎಲ್ಎಸ್‌ಗೆ ಮಾತ್ರ ಅಲ್ಲ, ಎಲ್ಲ ಕಡೆ ಸರಿಹೋಗುತ್ತದೆ.

ಬಣ್ಣ ಬದಲಿಸುವುದು

ಈ ಉದ್ದನೆಯ ಸಾಲನ್ನು ಯಾರೂ ಕೈಯಲ್ಲಿ ಬರೆಯುವುದಿಲ್ಲ. ಗ್ನೂ ಕೋರ್‌ಯುಟಿಲ್ಸ್ ಜೊತೆ ಬರುವ ಡಿರ್‌ಕಲರ್ಸ್ ಅನ್ನುವ ಕಮಾಂಡ್ ಅದನ್ನು ಮಾಡಿಕೊಡುತ್ತದೆ. ಡಿರ್‌ಕಲರ್ಸ್ ಬರೆದು ಹೈಫನ್ ಪಿ ಹಾಕಿದರೆ ಅದರ ಒಳಗಿನ ಪಟ್ಟಿ ಓದುವ ಹಾಗೆ ಅಚ್ಚಾಗುತ್ತದೆ, ಸಾಲಿಗೊಂದು ನಿಯಮ, ಜೊತೆಗೆ ವಿವರಣೆ. ಅದನ್ನು ಹೋಮ್ ಫೋಲ್ಡರ್‌ನಲ್ಲಿ ಚುಕ್ಕಿ ಡಿರ್‌ಕಲರ್ಸ್ ಅನ್ನುವ ಫೈಲ್‌ಗೆ ಇಳಿಸಿಕೊಂಡು ಬೇಕಾದಂತೆ ತಿದ್ದಿ. ಉಬುಂಟು ಬಳಸುವವರಿಗೆ ಮುಂದಿನ ಕೆಲಸ ಇಲ್ಲವೇ ಇಲ್ಲ, ಟರ್ಮಿನಲ್ ತೆರೆದಾಗಲೆಲ್ಲ ಓಡುವ ಅದರ ಬ್ಯಾಶ್‌ಆರ್‌ಸಿ ಫೈಲ್‌ನಲ್ಲಿ ಈ ಚುಕ್ಕಿ ಡಿರ್‌ಕಲರ್ಸ್ ಇದ್ದರೆ ಅದನ್ನೇ ಓದು, ಇಲ್ಲದಿದ್ದರೆ ಮೂಲ ಪಟ್ಟಿ ಹಿಡಿ ಅನ್ನುವ ಸಾಲು ಮೊದಲೇ ಇದೆ. ಎಲ್ಎಸ್ ಅಂದರೆ ಎಲ್ಎಸ್ --ಕಲರ್=ಆಟೋ ಅನ್ನುವ ಅಲಿಯಾಸ್ ಕೂಡ ಅಲ್ಲೇ ಇದೆ. ಬೇರೆ ಕಡೆ ಇಲ್ಲದಿದ್ದರೆ ಡಿರ್‌ಕಲರ್ಸ್ ಹೈಫನ್ ಬಿ ಕೊಡುವ ಔಟ್‌ಪುಟ್ಟನ್ನು ಇವ್ಯಾಲ್ ಮಾಡುವ, ಅಂದರೆ ಕಮಾಂಡಾಗಿ ಓಡಿಸುವ, ಒಂದು ಸಾಲು ನೀವೇ ಸೇರಿಸಿ.

ಇಲ್ಲೊಂದು ಸಿಕ್ಕಲು ಇದೆ. ಆ ಪಟ್ಟಿಯ ಮೇಲ್ಭಾಗದಲ್ಲಿ ಟರ್ಮ್ ಅಂತ ಶುರುವಾಗುವ ಒಂದಷ್ಟು ಸಾಲುಗಳಿರುತ್ತವೆ. ನಿಮ್ಮ ಟರ್ಮಿನಲ್‌ನ ಹೆಸರು ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಡಿರ್‌ಕಲರ್ಸ್ ಎರರ್ ಕೊಡುವುದಿಲ್ಲ, ಸುಮ್ನೆ ಖಾಲಿ ವೇರಿಯಬಲ್ ಕೊಟ್ಟು ಕೂರುತ್ತದೆ. ಹೊಸ ಟರ್ಮಿನಲ್ ಹಾಕಿಕೊಂಡು ಹಳೆಯ ಸರ್ವರ್‌ಗೆ ಎಸ್‌ಎಸ್‌ಎಚ್ ಮೂಲಕ ಹೋದಾಗ ನಿಮ್ಮ ಬಣ್ಣದ ನಿಯಮಗಳೆಲ್ಲ ಮಾಯ ಆಗುವುದಕ್ಕೆ ಇದೇ ಕಾರಣ ಇರಬಹುದು. ಚುಕ್ಕಿ ಡಿರ್‌ಕಲರ್ಸ್‌ನಲ್ಲಿ ನಿಮ್ಮ ಟರ್ಮಿನಲ್ ಹೆಸರಿನ ಒಂದು ಟರ್ಮ್ ಸಾಲು ಸೇರಿಸಿದರೆ ಮುಗಿಯಿತು. ಹೊಸ ಆವೃತ್ತಿಗಳು ಕಲರ್‌ಟರ್ಮ್ ಅನ್ನುವ ವೇರಿಯಬಲ್ಲನ್ನೂ ನೋಡುವುದರಿಂದ ಈ ಕಾಟ ಕಡಿಮೆಯಾಗಿದೆ.

ಪೂರ್ತಿ ಪಟ್ಟಿ ಬದಲಿಸುವ ಆಸೆ ಇಲ್ಲ, ಒಂದೇ ಒಂದು ಬಣ್ಣ ಸರಿ ಮಾಡಬೇಕು ಅಂತಾದರೆ ವೇರಿಯಬಲ್‌ನ ಕೊನೆಗೆ ನಿಮ್ಮ ನಿಯಮ ಅಂಟಿಸಿದರೆ ಸಾಕು. ಒಂದೇ ಕೀ ಎರಡು ಸಲ ಬಂದರೆ ಕೊನೆಯದು ಗೆಲ್ಲುತ್ತದೆ.

ಇದು ಎಲ್ಲಿ ಉಪಯೋಗ ಅಂತ ಕೇಳಿದರೆ, ವಿಂಡೋಸ್‌ನಲ್ಲಿ ಲಿನಕ್ಸ್ ಓಡಿಸುವ ಡಬ್ಲ್ಯುಎಸ್ಎಲ್ ಹಾಕಿಕೊಂಡವರು ಸಿ ಡ್ರೈವ್ ಒಳಗೆ ಹೋಗಿ ಎಲ್ಎಸ್ ಒತ್ತಿ ನೋಡಲಿ. ಡೈರೆಕ್ಟರಿಗಳೆಲ್ಲ ಕಡು ಹಸಿರು ಪಟ್ಟಿಯ ಮೇಲೆ ನೀಲಿ ಅಕ್ಷರದಲ್ಲಿ ಬರುತ್ತವೆ, ಕಣ್ಣು ಕಿರಿದು ಮಾಡಿ ಓದಬೇಕು. ಇದು ಬಗ್ ಅಲ್ಲ. ಅಲ್ಲಿನ ಎನ್‌ಟಿಎಫ್‌ಎಸ್ ಫೈಲ್‌ಗಳಿಗೆ ಡಬ್ಲ್ಯುಎಸ್ಎಲ್ ಸಾಮಾನ್ಯವಾಗಿ ಎಲ್ಲರಿಗೂ ಎಲ್ಲ ಅನುಮತಿ, ಅಂದರೆ 777 ತೋರಿಸುತ್ತದೆ. ಯಾರು ಬೇಕಾದರೂ ಬರೆಯಬಹುದಾದ ಡೈರೆಕ್ಟರಿಗೆ ಓಡಬ್ಲ್ಯು ಅನ್ನುವ ಬೇರೆ ನಿಯಮ ಇದೆ, ಅದರ ಮೂಲ ಬಣ್ಣ 34;42. ಎಚ್ಚರಿಕೆ ಕೊಡಲಿಕ್ಕೆ ಅಂತ ಇಟ್ಟ ಬಣ್ಣ ಅದು, ಮಾಮೂಲಿ ಸರ್ವರ್‌ನಲ್ಲಿ ಅಂಥ ಡೈರೆಕ್ಟರಿ ಕಂಡರೆ ನಿಜಕ್ಕೂ ಎಚ್ಚರ ಆಗಬೇಕು. ಸಿ ಡ್ರೈವ್‌ನಲ್ಲಿ ಎಲ್ಲವೂ ಹಾಗೇ ಇರುವುದರಿಂದ ಎಚ್ಚರಿಕೆಗೆ ಬೆಲೆಯೇ ಇಲ್ಲ. ಬ್ಯಾಶ್‌ಆರ್‌ಸಿಯ ಕೊನೆಯಲ್ಲಿ, ಹಳೆಯ ವೇರಿಯಬಲ್‌ಗೆ ಓಡಬ್ಲ್ಯು=01;34 ಸೇರಿಸಿ ಎಕ್ಸ್‌ಪೋರ್ಟ್ ಮಾಡಿ. ಮಾಮೂಲಿ ನೀಲಿಗೆ ಬರುತ್ತದೆ.

ಅದೇ ಸಿ ಡ್ರೈವ್‌ನಲ್ಲಿ ಜೆಪಿಜಿ, ಪಿಡಿಎಫ್ ಎಲ್ಲವೂ ಹಸಿರು ಬಣ್ಣದಲ್ಲಿ ಕಾಣುವುದೂ ಇದೇ ಕಾರಣಕ್ಕೆ. ಫೈಲ್‌ಗೆ ಎಕ್ಸಿಕ್ಯೂಟ್ ಅನುಮತಿ ಇದ್ದರೆ ಎಲ್ಎಸ್ ಎಕ್ಸ್‌ಟೆನ್ಷನ್ ಕಡೆ ನೋಡುವುದೇ ಇಲ್ಲ. ಇಎಕ್ಸ್ ನಿಯಮ ಹಾಕಿ ಮುಂದೆ ಹೋಗುತ್ತದೆ. ಶೆಲ್ ಸ್ಕ್ರಿಪ್ಟ್‌ಗೆ ನೀವು ಬೇರೆ ಬಣ್ಣ ಕೊಟ್ಟಿದ್ದರೂ, ಸಿಎಚ್‌ಮಾಡ್ ಕಮಾಂಡಿನಿಂದ ಅದಕ್ಕೆ ಎಕ್ಸಿಕ್ಯೂಟ್ ಅನುಮತಿ ಕೊಟ್ಟ ಮರುಕ್ಷಣ ಹಸಿರಾಗುವುದು ಅದಕ್ಕೇ.

ಒಂದು ಎಚ್ಚರಿಕೆ. ಕೀ ಹೆಸರು ತಪ್ಪು ಬರೆದರೆ, ಡಿಐ ಬದಲು ಡಿಎಕ್ಸ್ ಅಂತೇನಾದರೂ ಹಾಕಿದರೆ, ಗ್ನೂ ಎಲ್ಎಸ್ ಆ ಒಂದು ನಿಯಮ ಬಿಟ್ಟು ಮುಂದೆ ಹೋಗುವಷ್ಟು ಉದಾರಿ ಅಲ್ಲ. ವೇರಿಯಬಲ್ ಅರ್ಥ ಆಗಲಿಲ್ಲ ಅಂತ ಗೊಣಗಿ, ಪೂರ್ತಿ ಬಣ್ಣವನ್ನೇ ಆರಿಸಿಬಿಡುತ್ತದೆ.

ಇಷ್ಟೆಲ್ಲ ತಿದ್ದುವ ತಾಳ್ಮೆ ಇಲ್ಲದವರಿಗೆ ವಿವಿಡ್ ಅನ್ನುವ ಟೂಲ್ ಇದೆ, ಇದೂ ಡೇವಿಡ್ ಪೀಟರ್ ಅವರದ್ದು. ವಿವಿಡ್ ಜನರೇಟ್ ಅಂದು ಮುಂದೆ ಮೊಲೊಕಾಯ್ ಅಂತಲೋ ನಾರ್ಡ್ ಅಂತಲೋ ಥೀಮ್ ಹೆಸರು ಕೊಟ್ಟರೆ ಪೂರ್ತಿ ಸಾಲನ್ನು ತಯಾರಿಸಿ ಕೊಡುತ್ತದೆ.

ರಸ್ಟ್ ಬರೆಯದೆಯೂ ಕ್ರೇಟ್ ಬಳಸಬಹುದು

ಎಲ್ಎಸ್‌ಕಲರ್ಸ್ ಜೊತೆಗೆ ಅದೇ ಹೆಸರಿನ ಒಂದು ಪುಟ್ಟ ಪ್ರೋಗ್ರಾಂ ಕೂಡ ಬರುತ್ತದೆ. ಕಾರ್ಗೋ (ರಸ್ಟ್‌ನ ಪ್ಯಾಕೇಜ್ ಟೂಲ್) ಇದ್ದರೆ, ಕಾರ್ಗೋ ಇನ್‌ಸ್ಟಾಲ್ ಎಲ್ಎಸ್‌ಕಲರ್ಸ್ ಅಂತ ಕೊಟ್ಟರೆ ಸಿಗುತ್ತದೆ. ಸಾಲಿಗೊಂದು ಫೈಲ್ ಪಾತ್ ಬರುವ ಯಾವ ಔಟ್‌ಪುಟ್ಟನ್ನಾದರೂ ಪೈಪ್ ಮೂಲಕ ಇದಕ್ಕೆ ಕೊಡಿ, ಬಣ್ಣ ಹಚ್ಚಿ ವಾಪಸ್ ಕೊಡುತ್ತದೆ. ಫೈಂಡ್ ಕಮಾಂಡ್‌ಗೆ ಬಣ್ಣ ಇಲ್ಲ ಅಂತ ಕೊರಗುವವರು ಅದರ ಮುಂದೆ ಪೈಪ್ ಗೆರೆ ಹಾಕಿ ಎಲ್ಎಸ್‌ಕಲರ್ಸ್ ಬರೆದರೆ ಆಯಿತು. ಫೈಲ್‌ಗಳ ಒಳಗೆ ಪದ ಹುಡುಕುವ ರಿಪ್‌ಗ್ರೆಪ್‌ನಲ್ಲಿ ಹೈಫನ್ ಎಲ್ ಕೊಟ್ಟು ಫೈಲ್ ಹೆಸರು ಮಾತ್ರ ತೆಗೆದಾಗಲೂ ಇದು ಚೆನ್ನಾಗಿ ಹೊಂದುತ್ತದೆ. ಕೋಡ್ ಬರೆಯುವ ಮೊದಲು ಇದನ್ನೊಮ್ಮೆ ಓಡಿಸಿ ನೋಡುವುದು ಒಳ್ಳೆಯದು, ಎಷ್ಟೋ ಸಲ ನಮಗೆ ಬೇಕಿರುವುದು ಇಷ್ಟೇ ಆಗಿರುತ್ತದೆ.

ನಿಮ್ಮ ಪ್ರೋಗ್ರಾಮಿನಲ್ಲಿ

ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಕಾರ್ಗೋ ಆಡ್ ಎಲ್ಎಸ್‌ಕಲರ್ಸ್ ಅಂತ ಕೊಡಿ. ಆಮೇಲೆ ಇರುವುದು ಮೂರು ಹೆಜ್ಜೆ.

ಮೊದಲನೆಯದು, ಎಲ್ಎಸ್‌ಕಲರ್ಸ್ ಟೈಪ್‌ನ (ಇದರಲ್ಲಿ ಎಲ್, ಸಿ ಮಾತ್ರ ದೊಡ್ಡಕ್ಷರ) ಫ್ರಮ್_ಎನ್ವ್ ಕರೆಯುವುದು. ಅದು ವೇರಿಯಬಲ್ ಓದಿ, ನಿಯಮಗಳನ್ನೆಲ್ಲ ಬಿಡಿಸಿ ಇಟ್ಟುಕೊಳ್ಳುತ್ತದೆ. ವೇರಿಯಬಲ್ ಇರದೇ ಇರಬಹುದು, ಹಾಗಾಗಿ ಕೊಡುವುದು ಒಂದು ಆಪ್ಷನ್, ಅಂದರೆ ಬೆಲೆ ಇರಬಹುದು ಇಲ್ಲದಿರಬಹುದು ಅನ್ನುವ ರಸ್ಟ್ ಟೈಪ್. ಅದರ ಮೇಲೆ ಅನ್‌ರ‍್ಯಾಪ್_ಆರ್_ಡಿಫಾಲ್ಟ್ ಹಾಕಿದರೆ ಕ್ರೇಟ್ ತನ್ನದೇ ಸಾಧಾರಣ ಬಣ್ಣಗಳನ್ನು ಹಿಡಿಯುತ್ತದೆ: ಡೈರೆಕ್ಟರಿ ನೀಲಿ, ಲಿಂಕ್ ಸಯಾನ್, ಎಕ್ಸಿಕ್ಯೂಟಬಲ್ ಹಸಿರು. ಈ ಡಿಫಾಲ್ಟ್‌ನಲ್ಲಿ ಎಕ್ಸ್‌ಟೆನ್ಷನ್ ನಿಯಮಗಳು ಇರುವುದಿಲ್ಲ. ನನ್ನ ಯಂತ್ರದಲ್ಲಿ ಜಿಪ್ ಫೈಲ್ ಕೆಂಪಾಗಿ ಬರುತ್ತೆ, ಗೆಳೆಯನ ಯಂತ್ರದಲ್ಲಿ ಬರಲ್ಲ ಯಾಕೆ ಅಂದರೆ ಉತ್ತರ ಇಲ್ಲಿದೆ. ಈ ಕೆಲಸವನ್ನು ಪ್ರೋಗ್ರಾಂ ಶುರುವಿನಲ್ಲಿ ಒಂದೇ ಸಲ ಮಾಡಿ, ಲೂಪ್ ಒಳಗೆ ಇಡಬೇಡಿ.

ಎರಡನೆಯದು, ಪ್ರತಿ ಫೈಲ್‌ಗೆ ಸ್ಟೈಲ್_ಫಾರ್_ಪಾತ್ ಕರೆದು ಪಾತ್ ಕೊಡುವುದು. ವಾಪಸ್ ಬರುವುದು ಮತ್ತೆ ಒಂದು ಆಪ್ಷನ್, ಒಳಗೆ ಸ್ಟೈಲ್. ಯಾವ ನಿಯಮವೂ ಹೊಂದದಿದ್ದರೆ ಏನೂ ಇರುವುದಿಲ್ಲ, ಅಂಥ ಫೈಲ್‌ಗೆ ಬಣ್ಣ ಬೇಡ ಅಂತಲೇ ಅರ್ಥ.

ಮೂರನೆಯದು, ಆ ಸ್ಟೈಲನ್ನು ನೀವು ಬಳಸುವ ಬಣ್ಣದ ಕ್ರೇಟ್‌ನ ಸ್ಟೈಲ್ ಆಗಿ ಬದಲಿಸುವುದು. ಎಲ್ಎಸ್‌ಕಲರ್ಸ್ ಸ್ಟೈಲನ್ನು ಕೊಟ್ಟು ಸುಮ್ಮನಾಗುತ್ತದೆ, ಪರದೆಗೆ ಬರೆಯುವ ಕೆಲಸ ಬೇರೆ ಕ್ರೇಟ್‌ನದ್ದು. ಮಾಮೂಲಿಯಾಗಿ ನೂ-ಆನ್ಸಿ-ಟರ್ಮ್ ಜೋಡಣೆ ಆಗಿರುತ್ತದೆ, ಅದಕ್ಕೆ ಟು_ನೂ_ಆನ್ಸಿ_ಟರ್ಮ್_ಸ್ಟೈಲ್ ಅನ್ನುವ ಮೆಥಡ್. ಕ್ರಾಸ್‌ಟರ್ಮ್ ಬಳಸುತ್ತಿದ್ದರೆ ಕಾರ್ಗೋ ಫೈಲ್‌ನಲ್ಲಿ ಆ ಫೀಚರ್ ಆನ್ ಮಾಡಿಕೊಂಡು ಟು_ಕ್ರಾಸ್‌ಟರ್ಮ್_ಸ್ಟೈಲ್ ಹಿಡಿಯಿರಿ. ಬಂದ ಸ್ಟೈಲ್‌ನ ಪೇಂಟ್ ಮೆಥಡ್‌ಗೆ (ಕ್ರಾಸ್‌ಟರ್ಮ್ ಆದರೆ ಅಪ್ಲೈ ಮೆಥಡ್‌ಗೆ) ಹೆಸರು ಕೊಟ್ಟು ಪ್ರಿಂಟ್ ಮಾಡಿದರೆ ಬಣ್ಣ ಬಂತು.

ಇಷ್ಟರಲ್ಲಿ ಟೂಲ್ ಓಡುತ್ತದೆ. ಒಳಗೆ ಏನಾಗುತ್ತದೆ ಅಂತ ಸ್ವಲ್ಪ ತಿಳಿದರೆ ಮುಂದೆ ತಲೆನೋವು ಕಡಿಮೆ. ಸ್ಟೈಲ್_ಫಾರ್_ಪಾತ್ ಮೊದಲು ಆ ಫೈಲ್‌ನ ಮೆಟಾಡೇಟಾ (ಬಗೆ, ಅನುಮತಿ, ಗಾತ್ರದಂಥ ವಿವರ) ಕೇಳುತ್ತದೆ, ಲಿಂಕ್ ಆದರೆ ಲಿಂಕ್‌ನದ್ದೇ, ಅದು ತೋರಿಸುವ ಫೈಲ್‌ನದ್ದಲ್ಲ. ಅದರಿಂದ ಇದು ಡೈರೆಕ್ಟರಿಯೋ, ಲಿಂಕೋ, ಎಕ್ಸಿಕ್ಯೂಟಬಲ್ಲೋ ಅಂತ ನಿರ್ಧರಿಸುತ್ತದೆ. ಮಾಮೂಲಿ ಫೈಲ್ ಅಂತಾದರೆ ಮಾತ್ರ ಎಕ್ಸ್‌ಟೆನ್ಷನ್ ನಿಯಮಗಳ ಕಡೆ ತಿರುಗುತ್ತದೆ, ಅದೂ ಪಟ್ಟಿಯ ಹಿಂದಿನಿಂದ ಮುಂದಕ್ಕೆ. ಕೊನೆಯ ನಿಯಮ ಗೆಲ್ಲಬೇಕು ಅನ್ನುವ ಎಲ್ಎಸ್ ಪದ್ಧತಿಯನ್ನು ಕಾಪಾಡಲಿಕ್ಕೆ ಹೀಗೆ. ಹಾಗಾಗಿ *.ಟಾರ್.ಜಿಜಡ್‌ಗೆ ಒಂದು ಬಣ್ಣ, *.ಜಿಜಡ್‌ಗೆ ಇನ್ನೊಂದು ಬೇಕೆಂದರೆ ಉದ್ದನೆಯದನ್ನು ಆಮೇಲೆ ಬರೆಯಿರಿ. ಉದ್ದದ ಹೊಂದಿಕೆಗೆ ಆದ್ಯತೆ ಇರುತ್ತದೆ ಅಂತ ಅಂದುಕೊಳ್ಳುವುದು ಸಹಜ, ಆದರೆ ಇಲ್ಲಿ ಕ್ರಮವೇ ಎಲ್ಲ.

ನನಗೆ ಬಹಳ ಇಷ್ಟವಾದ ಇನ್ನೊಂದು ವಿಷಯ: ಪಾತ್ ಕೊಟ್ಟ ಫೈಲ್ ಡಿಸ್ಕ್‌ನಲ್ಲಿ ಇಲ್ಲವೇ ಇಲ್ಲ ಅಂತಾದರೆ ಕ್ರೇಟ್ ಕೈಚೆಲ್ಲುವುದಿಲ್ಲ. ಮೆಟಾಡೇಟಾ ಸಿಗದಿದ್ದರೆ ಇದು ಮಾಮೂಲಿ ಫೈಲ್ ಅಂತ ಎಣಿಸಿ ಎಕ್ಸ್‌ಟೆನ್ಷನ್ ನೋಡಿ ಬಣ್ಣ ಕೊಡುತ್ತದೆ. ಜಿಪ್ ಒಳಗಿನ ಫೈಲ್‌ಗಳ ಪಟ್ಟಿಗೋ, ದೂರದ ಸರ್ವರ್‌ನಲ್ಲಿರುವ ಫೈಲ್‌ಗಳ ಹೆಸರಿಗೋ, ಹೀಗೆ ನಿಮ್ಮ ಡಿಸ್ಕ್‌ನಲ್ಲಿ ಇಲ್ಲದ್ದಕ್ಕೂ ಬಣ್ಣ ಹಚ್ಚಬಹುದು. ಅಲ್ಲಿ ಡೈರೆಕ್ಟರಿ ಯಾವುದು ಅಂತ ನಿಮಗೇ ಗೊತ್ತಿದ್ದರೆ ಸ್ಟೈಲ್_ಫಾರ್_ಇಂಡಿಕೇಟರ್ ಕರೆದು, ಡೈರೆಕ್ಟರಿ ಅಂತ ನೇರವಾಗಿ ಹೇಳಿ ಅದರ ಬಣ್ಣ ತೆಗೆದುಕೊಳ್ಳಿ.

ವೇಗದ ಬಗ್ಗೆ ಯೋಚನೆ ಇದ್ದರೆ, ದುಬಾರಿ ಆಗುವುದು ಈ ಮೆಟಾಡೇಟಾ ಕೇಳುವ ಕೆಲಸವೇ. ಫೈಲ್ ಗಾತ್ರ ತೋರಿಸಲಿಕ್ಕೆ ಅಂತ ನೀವು ಹೇಗೂ ಒಮ್ಮೆ ಕೇಳಿರುತ್ತೀರಿ, ಅಲ್ವಾ? ಹಾಗಿದ್ದರೆ ಸ್ಟೈಲ್_ಫಾರ್_ಪಾತ್_ವಿತ್_ಮೆಟಾಡೇಟಾ ಬಳಸಿ ಅದನ್ನೇ ಕೊಡಿ, ಎರಡನೇ ಸಲ ಡಿಸ್ಕ್ ತಟ್ಟುವುದು ತಪ್ಪುತ್ತದೆ. ಲಿಂಕ್ ಗುರುತು ಸರಿಯಾಗಿ ಸಿಗಬೇಕೆಂದರೆ ಸಿಮ್‌ಲಿಂಕ್_ಮೆಟಾಡೇಟಾ ಮೂಲಕ ತಂದದ್ದನ್ನೇ ಕೊಡಬೇಕು, ಸಾಮಾನ್ಯ ಮೆಟಾಡೇಟಾ ಲಿಂಕ್ ದಾಟಿ ಆಚೆಗೆ ಹೋಗಿಬಿಡುತ್ತದೆ. ಉದ್ದ ಪಾತ್‌ನ ಪ್ರತಿ ಭಾಗಕ್ಕೂ ಬಣ್ಣ ಕೊಡುವ ಸ್ಟೈಲ್_ಫಾರ್_ಪಾತ್_ಕಾಂಪೊನೆಂಟ್ಸ್ ಕೂಡ ಇದೆ, ಚೆಂದ ಕಾಣುತ್ತದೆ, ಆದರೆ ಸಾವಿರಾರು ಫೈಲ್ ಇರುವಾಗ ಪ್ರತಿ ತುಂಡಿಗೂ ವಿಚಾರಣೆ ನಡೆಯುತ್ತದೆ. ಎಫ್‌ಡಿ ಮಾಡುವ ಉಪಾಯ ನೋಡಿ: ಕೊನೆಯ ಹೆಸರಿನ ಹಿಂದಿರುವುದೆಲ್ಲ ಡೈರೆಕ್ಟರಿಯೇ ತಾನೇ ಅಂತ ಅಷ್ಟಕ್ಕೂ ಡೈರೆಕ್ಟರಿ ಬಣ್ಣ ಹಚ್ಚಿ, ಕೊನೆಯ ಹೆಸರಿಗೆ ಮಾತ್ರ ನಿಜವಾದ ವಿಚಾರಣೆ ಮಾಡುತ್ತದೆ.

ಅಂದಹಾಗೆ ಎಲ್ಎಸ್‌ಗೂ ಇದೇ ಭಾರ ಇದೆ. ನೆಟ್‌ವರ್ಕ್ ಡ್ರೈವ್‌ನಲ್ಲಿ ಬಣ್ಣದ ಎಲ್ಎಸ್ ತೆವಳುತ್ತಿದ್ದರೆ ಇಎಕ್ಸ್=00, ಎಸ್‌ಯು=00, ಎಸ್‌ಜಿ=00, ಸಿಎ=00 ಅಂತ ವೇರಿಯಬಲ್‌ಗೆ ಸೇರಿಸಿ ನೋಡಿ. ಎಕ್ಸಿಕ್ಯೂಟಬಲ್‌ಗಳನ್ನೂ ವಿಶೇಷ ಅನುಮತಿಯ ಫೈಲ್‌ಗಳನ್ನೂ (ಎಸ್‌ಯು, ಎಸ್‌ಜಿ, ಸಿಎ) ಗುರುತಿಸುವುದು ನಿಂತರೆ ಪ್ರತಿ ಫೈಲ್‌ನ ಅನುಮತಿ ಕೇಳುವ ಕೆಲಸವೂ ಬಹುಪಾಲು ನಿಲ್ಲುತ್ತದೆ.

ಕ್ರೇಟ್ ಮಾಡದ ಕೆಲಸಗಳು

ಜನ ಎಡವುವುದು ಇಲ್ಲಿ. ಕ್ರೇಟ್ ಬಣ್ಣ ಯಾವುದು ಅಂತ ಹೇಳುತ್ತದೆ. ಈಗ ಬಣ್ಣ ಹಾಕಬೇಕೋ ಬೇಡವೋ ಅಂತ ಹೇಳುವುದಿಲ್ಲ. ಅದು ನಿಮ್ಮ ಜವಾಬ್ದಾರಿ.

ಔಟ್‌ಪುಟ್ ಟರ್ಮಿನಲ್‌ಗೆ ಹೋಗುತ್ತಿಲ್ಲ, ಒಂದು ಫೈಲ್‌ಗೋ ಗ್ರೆಪ್‌ಗೋ ಹೋಗುತ್ತಿದೆ ಅಂದರೆ ಬಣ್ಣ ಹಾಕಬಾರದು. ಹಾಕಿದರೆ ಆ ಎಸ್ಕೇಪ್ ಬೈಟ್‌ಗಳೆಲ್ಲ ಫೈಲ್ ಹೆಸರಿನ ಭಾಗವಾಗಿ ಸೇರಿಕೊಂಡು, ಮುಂದಿನ ಕಮಾಂಡ್ ಅಂಥ ಫೈಲ್ ಇಲ್ಲ ಅನ್ನುತ್ತದೆ. ಕಣ್ಣಿಗೆ ಹೆಸರು ಸರಿಯಾಗೇ ಕಾಣುತ್ತಿರುತ್ತದೆ, ಹುಡುಕಿ ಹುಡುಕಿ ಸುಸ್ತಾಗುತ್ತೀರಿ. ರಸ್ಟ್ 1.70ರಿಂದ ಈಚೆಗೆ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೇ ಈಸ್_ಟರ್ಮಿನಲ್ ಇದೆ, ಸ್ಟ್ಯಾಂಡರ್ಡ್ ಔಟ್‌ಪುಟ್ ಮೇಲೆ ಅದನ್ನು ಕೇಳಿ. ಜೊತೆಗೆ ನೋ_ಕಲರ್ ಅನ್ನುವ ವೇರಿಯಬಲ್ ಖಾಲಿಯಲ್ಲದೆ ಇದ್ದರೆ ಬಣ್ಣ ಬಿಡಿ. 2017ರಲ್ಲಿ ಶುರುವಾದ ಈ ಒಪ್ಪಂದವನ್ನು ಈಗ ಬಹಳಷ್ಟು ಟೂಲ್‌ಗಳು ಪಾಲಿಸುತ್ತವೆ. ಇವೆರಡರ ಮೇಲೆ, ಎಲ್ಎಸ್ ಥರವೇ --ಕಲರ್ ಅನ್ನುವ ಒಂದು ಆಯ್ಕೆ ಇಟ್ಟು ಆಟೋ, ಆಲ್ವೇಸ್, ನೆವರ್ ಮೂರನ್ನೂ ಒಪ್ಪಿಕೊಳ್ಳಿ. ಆಲ್ವೇಸ್ ಯಾಕೆ ಬೇಕು ಅಂದರೆ, ಉದ್ದ ಪಟ್ಟಿಯನ್ನು ಪುಟಪುಟವಾಗಿ ತೋರಿಸುವ ಲೆಸ್ ಕಮಾಂಡಿಗೆ ಪೈಪ್ ಮಾಡಿ ಹೈಫನ್ ದೊಡ್ಡ ಆರ್ ಹಾಕಿ ಬಣ್ಣದಲ್ಲೇ ಓದುವವರು ಇದ್ದಾರೆ.

ಕಾಲಂ ಜೋಡಣೆ ಇನ್ನೊಂದು ತಂಟೆ. ಹೆಸರನ್ನು ಇಪ್ಪತ್ತು ಅಕ್ಷರದ ಜಾಗಕ್ಕೆ ಹೊಂದಿಸಬೇಕು ಅಂತ, ಬಣ್ಣ ಹಚ್ಚಿದ ಹೆಸರನ್ನು ಸ್ಟ್ರಿಂಗ್ ಮಾಡಿ ಫಾರ್ಮ್ಯಾಟ್‌ಗೆ ಕೊಟ್ಟರೆ ಸಾಲುಗಳು ಹಲ್ಲು ಉದುರಿದ ಬಾಯಿಯ ಹಾಗೆ ಕಾಣುತ್ತವೆ. ಬೋಲ್ಡ್ ನೀಲಿಗೆ ಮುಂದೆ 7 ಅಕ್ಷರ (ನೂ-ಆನ್ಸಿ-ಟರ್ಮ್ 01 ಬದಲು ಬರೀ 1 ಬರೆಯುತ್ತದೆ), ಕೊನೆಯ ರಿಸೆಟ್‌ಗೆ 4, ಒಟ್ಟು 11 ಕಾಣದ ಅಕ್ಷರಗಳು ಲೆಕ್ಕಕ್ಕೆ ಸೇರಿರುತ್ತವೆ. ಬಣ್ಣ ಇಲ್ಲದ ಹೆಸರಿಗೆ ಸೊನ್ನೆ. ಪರಿಹಾರ ಸುಲಭ: ಬಣ್ಣ ಹಚ್ಚುವ ಮೊದಲು ಬರೀ ಹೆಸರಿನ ಅಗಲ ಅಳೆಯಿರಿ, ಬಣ್ಣದ ಹೆಸರು ಬರೆಯಿರಿ, ಆಮೇಲೆ ಉಳಿದ ಸ್ಪೇಸ್‌ಗಳನ್ನು ಬೇರೆಯಾಗಿ ಬರೆಯಿರಿ. ಸ್ಪೇಸ್‌ಗಳನ್ನು ಪೇಂಟ್ ಒಳಗೆ ಸೇರಿಸಬೇಡಿ, ಅಡಿಗೆರೆಯೋ ಹಿನ್ನೆಲೆ ಬಣ್ಣವೋ ಇರುವ ನಿಯಮ ಬಂದರೆ ಅದು ಖಾಲಿ ಜಾಗಕ್ಕೂ ಎಳೆದುಕೊಂಡು ಹೋಗುತ್ತದೆ.

ಕನ್ನಡದಲ್ಲಿ ಫೈಲ್ ಹೆಸರು ಇಡುವವರಿಗೆ ಇನ್ನೂ ಒಂದು ಸುತ್ತು ಜಾಸ್ತಿ. ಕೃಷ್ಣ ಅನ್ನುವ ಹೆಸರು ನಮ್ಮ ಕಣ್ಣಿಗೆ ಎರಡು ಅಕ್ಷರ. ಯೂನಿಕೋಡ್‌ನಲ್ಲಿ ಅದು 5 ಕೋಡ್‌ಪಾಯಿಂಟ್: ಕ, ವಟ್ರಸುಳಿ, ಷ, ಹಲಂತ, ಣ. ಯುಟಿಎಫ್-8ರಲ್ಲಿ 15 ಬೈಟ್. ರಸ್ಟ್‌ನ ಫಾರ್ಮ್ಯಾಟ್ ಎಣಿಸುವುದು ಆ ಐದನ್ನು. ಪರದೆಯ ಮೇಲೆ ಅದು ಎಷ್ಟು ಮನೆ ಹಿಡಿಯುತ್ತದೆ ಅನ್ನುವುದು ಒಂದೊಂದು ಟರ್ಮಿನಲ್‌ನಲ್ಲಿ ಒಂದೊಂದು ಥರ. ಯೂನಿಕೋಡ್-ವಿಡ್ತ್ ಕ್ರೇಟ್ ಬಳಸಿದರೆ ಅಂದಾಜು ಸುಧಾರಿಸುತ್ತದೆ, ಪೂರ್ತಿ ಗೆಲ್ಲುವುದಿಲ್ಲ. ಇದಕ್ಕೆ ಹೊಡೆದಾಡುವ ಬದಲು ಹೆಸರಿನ ಕಾಲಂ ಅನ್ನು ಸಾಲಿನ ಕೊನೆಗೆ ಹಾಕಿಬಿಡಿ. ಎಲ್ಎಸ್ ಹೈಫನ್ ಎಲ್ ಕೂಡ ಹೆಸರನ್ನು ಕೊನೆಗೇ ಇಡುತ್ತದೆ, ಅಗಲದ ಲೆಕ್ಕ ತಪ್ಪಿದರೂ ಯಾರಿಗೂ ತೊಂದರೆ ಇಲ್ಲ. ಹುಡುಕಿದ ಪದವನ್ನು ಹೆಸರಿನ ನಡುವೆ ಬೇರೆ ಬಣ್ಣದಲ್ಲಿ ತೋರಿಸುವ ಆಸೆ ಇದ್ದರೆ, ಒತ್ತಕ್ಷರದ ಮಧ್ಯೆ ಎಸ್ಕೇಪ್ ಬೈಟ್ ತೂರಿಸಬೇಡಿ, ಷ್ಣ ಒಡೆದು ಷ್ ಬೇರೆ ಣ ಬೇರೆ ಆಗುತ್ತದೆ.

ಫೈಲ್ ಹೆಸರಿನ ಒಳಗೇ ಎಸ್ಕೇಪ್ ಬೈಟ್ ಇರಬಹುದು ಅನ್ನುವುದು ಬಹಳ ಜನರಿಗೆ ಹೊಳೆಯುವುದಿಲ್ಲ. ಲಿನಕ್ಸ್‌ನಲ್ಲಿ ಸ್ಲ್ಯಾಶ್ ಮತ್ತು ಸೊನ್ನೆ ಬೈಟ್ ಬಿಟ್ಟು ಬೇರೆ ಯಾವ ಬೈಟನ್ನಾದರೂ ಹೆಸರಿನಲ್ಲಿ ಇಡಬಹುದು. ಕಿಡಿಗೇಡಿ ಯಾರಾದರೂ ಪರದೆ ಅಳಿಸುವ ಕೋಡನ್ನೇ ಹೆಸರಾಗಿಟ್ಟರೆ ನಿಮ್ಮ ಟೂಲ್ ಅದನ್ನು ನಿಷ್ಠೆಯಿಂದ ಟರ್ಮಿನಲ್‌ಗೆ ದಾಟಿಸುತ್ತದೆ. ಗ್ನೂ ಎಲ್ಎಸ್ ಟರ್ಮಿನಲ್‌ಗೆ ಬರೆಯುವಾಗ ಇಂಥ ಬೈಟ್‌ಗಳನ್ನು ಹಾಗೇ ಬಿಡುವುದಿಲ್ಲ. ನೀವೂ ಪೇಂಟ್ ಮಾಡುವ ಮೊದಲು ಕಂಟ್ರೋಲ್ ಅಕ್ಷರಗಳನ್ನು ಪ್ರಶ್ನೆ ಚಿಹ್ನೆಗೆ ಬದಲಿಸಿ.

ಮ್ಯಾಕ್, ವಿಂಡೋಸ್, ಟೆಸ್ಟ್

ಮ್ಯಾಕ್‌ನ ಎಲ್ಎಸ್ ಬಿಎಸ್‌ಡಿ ಮನೆತನದ್ದು. ಅದಕ್ಕೆ ಎಲ್ಎಸ್_ಕಲರ್ಸ್ ಗೊತ್ತಿಲ್ಲ. ಅದರದ್ದು ಅಂಡರ್‌ಸ್ಕೋರ್ ಇಲ್ಲದ ವೇರಿಯಬಲ್, ಒಳಗೆ ಜೋಡಿ ಜೋಡಿಯಾಗಿ ಇಂಗ್ಲಿಷ್ ಅಕ್ಷರಗಳು. ಮೊದಲ ಜೋಡಿ ಡೈರೆಕ್ಟರಿಗೆ, ಎರಡನೆಯದು ಲಿಂಕ್‌ಗೆ, ಹೀಗೆ ಸಾಲಾಗಿ, ಜೋಡಿಯಲ್ಲಿ ಮೊದಲ ಅಕ್ಷರ ಹೆಸರಿನ ಬಣ್ಣ, ಎರಡನೆಯದು ಹಿನ್ನೆಲೆ. ಎಕ್ಸ್‌ಟೆನ್ಷನ್‌ಗೆ ಅಲ್ಲಿ ಜಾಗವೇ ಇಲ್ಲ. ನಮ್ಮ ಕ್ರೇಟ್ ಇದನ್ನು ಓದುವುದಿಲ್ಲ, ಆದ್ದರಿಂದ ಮ್ಯಾಕ್ ಬಳಕೆದಾರರಿಗೆ ಡಿಫಾಲ್ಟ್ ಬಣ್ಣಗಳಷ್ಟೇ ಸಿಗುತ್ತವೆ. ಪೂರ್ತಿ ಬೇಕಾದವರು ಹೋಮ್‌ಬ್ರೂ ಮೂಲಕ ಕೋರ್‌ಯುಟಿಲ್ಸ್ ಹಾಕಿಕೊಂಡು, ಜಿಡಿರ್‌ಕಲರ್ಸ್ ಕಮಾಂಡಿನಿಂದ ವೇರಿಯಬಲ್ ಮಾಡಿಕೊಳ್ಳಬಹುದು. ಗ್ನೂ ಎಲ್ಎಸ್ ಅಲ್ಲಿ ಜಿಎಲ್ಎಸ್ ಅನ್ನುವ ಹೆಸರಲ್ಲಿ ಬರುತ್ತದೆ. ವಿವಿಡ್ ಕೂಡ ಆಗುತ್ತದೆ.

ವಿಂಡೋಸ್‌ನ ಹಳೆಯ ಕನ್ಸೋಲ್‌ನಲ್ಲಿ ಬಣ್ಣದ ಬದಲು ಚೌಕ ಆವರಣ ಮತ್ತು ಅಂಕಿಗಳು ಹಾಗೇ ಉದುರುತ್ತಿದ್ದರೆ, ಪ್ರೋಗ್ರಾಂ ಶುರುವಿನಲ್ಲಿ ನೂ-ಆನ್ಸಿ-ಟರ್ಮ್‌ನ ಎನೇಬಲ್_ಆನ್ಸಿ_ಸಪೋರ್ಟ್ ಒಂದು ಸಲ ಕರೆಯಿರಿ. ವಿಂಡೋಸ್‌ನಲ್ಲಿ ಕಂಪೈಲ್ ಮಾಡುವಾಗ ಮಾತ್ರ ಇರುವ ಫಂಕ್ಷನ್ ಅದು, ಹಾಗಾಗಿ ಸಿಎಫ್‌ಜಿ ವಿಂಡೋಸ್ ಅನ್ನುವ ಗುರುತಿನ ಒಳಗೆ ಇಡಬೇಕು.

ಟೆಸ್ಟ್ ಬರೆಯುವಾಗ ಫ್ರಮ್_ಎನ್ವ್ ಬೇಡ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಪಾಸ್ ಆಗಿ, ವೇರಿಯಬಲ್ಲೇ ಇಲ್ಲದ, ಟೆಸ್ಟ್‌ಗಳನ್ನು ತಾನಾಗೇ ಓಡಿಸುವ ಸಿಐ ಸರ್ವರ್‌ನಲ್ಲಿ ಬೀಳುತ್ತದೆ. ಅದರ ಬದಲು ಫ್ರಮ್_ಸ್ಟ್ರಿಂಗ್‌ಗೆ ಡಿಐ=01;34:*.ಜೆಪಿಜಿ=01;35 ಅಂತ ನೀವೇ ಒಂದು ಚಿಕ್ಕ ಸಾಲು ಕೊಡಿ. ಆಮೇಲೆ ಇಲ್ಲದ ಒಂದು ಜೆಪಿಜಿ ಪಾತ್ ಕೊಟ್ಟು ಮೆಜೆಂಟಾ ಬಂತಾ ನೋಡಿ, ಟೆಂಪರರಿ ಡೈರೆಕ್ಟರಿ ಒಂದನ್ನು ಮಾಡಿ ಅದಕ್ಕೆ ನೀಲಿ ಬಂತಾ ನೋಡಿ. ಆ ಟೆಂಪರರಿ ಡೈರೆಕ್ಟರಿಯ ಅನುಮತಿ 755 ಇರಲಿ, 777 ಆಗಿದ್ದರೆ ಓಡಬ್ಲ್ಯು ನಿಯಮ ಹೊಂದಿಕೊಂಡು ಟೆಸ್ಟ್ ಬೀಳುತ್ತದೆ.